ಕೆಮ್ಮು, ನೆಗಡಿ, ಜ್ವರದ ಮೇಲಿನ ರಿಸರ್ಚ್ ಪೇಪರ್ ಓದೋದು ಹೇಗೆ

"ಸಂಶೋಧನೆಯಲ್ಲಿ ಸಾಬೀತಾಗಿದೆ" ಅಂತ ಒಂದು ಸಾಲಿದ್ರೆ ಸಾಕು, ಕೆಮ್ಮು ನೆಗಡಿಯ ಯಾವ ಔಷಧಿಯನ್ನಾದ್ರೂ ಜನ ನಂಬಿಬಿಡ್ತಾರೆ, ನಾನೂ ನಂಬ್ತಿದ್ದೆ. ನಮ್ಮಮ್ಮಂಗೆ ಒಂದ್ಸಲ ನೆಗಡಿ ಬಂದು ಹೋದ್ಮೇಲೆ ಕೆಮ್ಮು ಮಾತ್ರ ಬಿಡ್ಲೇ ಇಲ್ಲ. ಒಂದು ಕೋರ್ಸ್ ಆಂಟಿಬಯಾಟಿಕ್ ಮುಗೀತು, ಎರಡನೇದು ಶುರುವಾಯ್ತು, ಅದ್ರಿಂದ ಹೊಟ್ಟೆ ಕೆಟ್ಟು ಅಮ್ಮ ಸುಸ್ತಾಗಿ ಹಾಸಿಗೆ ಹಿಡಿದ್ರು, ಆಮೇಲೆ ಮೂರನೇ ವಾರದಲ್ಲಿ ಕೆಮ್ಮು ನಿಂತ್ಹೋಯ್ತು. ಎರಡನೇ ಔಷಧಿಯಿಂದಾನೇ ನಿಂತಿದ್ದು ಅಂತ ಮನೇಲಿ ಎಲ್ರೂ ಅಂದ್ರು. ಹೌದಾ ಅಂತ ತಿಳ್ಕೊಳ್ಳೋಣ ಅಂತ ಶುರು ಮಾಡಿದ ಓದು ಈಗ ಅಭ್ಯಾಸ ಆಗ್ಬಿಟ್ಟಿದೆ. ನಾನು ಡಾಕ್ಟರ್ ಅಲ್ಲ, ಆದ್ರೆ ಉಸಿರಾಟದ ಸೋಂಕಿನ ಮೇಲಿನ ಪೇಪರ್ ಓದೋಕೆ ಡಾಕ್ಟರ್ ಆಗಿರ್ಲೇಬೇಕು ಅಂತೇನಿಲ್ಲ, ಎಲ್ಲೆಲ್ಲಿ ನಿಂತು ಏನೇನು ಕೇಳ್ಬೇಕು ಅಂತ ಗೊತ್ತಿದ್ರೆ ಸುಮಾರು ಮಟ್ಟಿಗೆ ಅರ್ಥ ಆಗತ್ತೆ. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ತಿಳ್ಕೋಬೇಕಾದ್ದು: ಔಷಧಿ ಇಲ್ದೇನೂ ಇದು ಎಷ್ಟು ದಿನಕ್ಕೆ ವಾಸಿಯಾಗತ್ತೆ

ಪೇಪರ್ ತೆರೆಯೋಕೂ ಮುಂಚೆ ಇದು ಗೊತ್ತಿರ್ಬೇಕು, ಇಲ್ದಿದ್ರೆ ಮುಂದೆ ಓದಿದ್ದೆಲ್ಲ ದಾರಿ ತಪ್ಪತ್ತೆ. 2013ರಲ್ಲಿ ಅಮೆರಿಕದ ಸಂಶೋಧಕರು ಒಂದು ಕೆಲಸ ಮಾಡಿದ್ರು. ಕೆಮ್ಮು ಬಂದ್ರೆ ಎಷ್ಟು ದಿನ ಇರತ್ತೆ ಅಂತ ನಿಮಗೆ ಅನ್ಸತ್ತೆ ಅಂತ ಜನರನ್ನ ಕೇಳಿದ್ರು, ಹೆಚ್ಚುಕಮ್ಮಿ 7ರಿಂದ 9 ದಿನ ಅಂತ ಉತ್ತರ ಬಂತು. ಇನ್ನೊಂದು ಕಡೆ ಹಳೇ ಅಧ್ಯಯನಗಳಲ್ಲಿ ಔಷಧಿ ಕೊಡದೇ ಇದ್ದ ಗುಂಪುಗಳನ್ನೆಲ್ಲ ಒಟ್ಟಿಗೆ ಹಾಕಿ ಲೆಕ್ಕ ಮಾಡಿದ್ರು, ಸರಾಸರಿ 17.8 ದಿನ ಬಂತು.

ಈ ಎರಡು ಸಂಖ್ಯೆ ಮಧ್ಯೆ ಇರೋ ಅಂತರದಲ್ಲೇ ಎಲ್ಲ ಎಡವಟ್ಟು ಆಗೋದು. ಒಂದು ವಾರ ಆದ್ರೂ ಹೋಗ್ಲಿಲ್ವಲ್ಲ ಅಂತ ಗಾಬರಿಯಾಗಿ ಔಷಧಿ ಶುರು ಮಾಡ್ತೀವಿ, ಎರಡನೇ ವಾರ ಇನ್ನೊಂದು ಬದಲಾಯಿಸ್ತೀವಿ, ಅಷ್ಟೊತ್ತಿಗೆ ಕೆಮ್ಮು ಹೋಗೋ ಕಾಲ ತಾನಾಗೇ ಬಂದಿರತ್ತೆ, ಕೊನೇಲಿ ಯಾವ್ದು ಕೈಯಲ್ಲಿತ್ತೋ ಅದಕ್ಕೆ ಹೆಸರು ಬರತ್ತೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಹಾಗೆ. ಅಮ್ಮನ ಕೆಮ್ಮೂ ಹಂಗೇ ನಿಂತಿರೋ ಸಾಧ್ಯತೇನೇ ಜಾಸ್ತಿ ಅಂತ ನನಗೀಗ ಅನ್ಸತ್ತೆ. ವೈರಸ್‌ನಿಂದ ಬರೋ ಸಾಮಾನ್ಯ ಬ್ರಾಂಕೈಟಿಸ್‌ಗೆ (ಶ್ವಾಸನಾಳದ ಊತ) ಆಂಟಿಬಯಾಟಿಕ್ ಕೊಟ್ಟ ಅಧ್ಯಯನಗಳನ್ನ ಕೊಕ್ರೇನ್ ಅನ್ನೋ, ಚಿಕಿತ್ಸೆಗಳ ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ಸಂಸ್ಥೆಯವರು ಒಟ್ಟುಗೂಡಿಸಿ ನೋಡಿದಾಗ ಕೆಮ್ಮು ಕಡಿಮೆಯಾಗಿದ್ದು ಸುಮಾರು ಅರ್ಧ ದಿನ ಅಷ್ಟೇ, ವಾಕರಿಕೆ ಭೇದಿಯಂಥ ತೊಂದರೆ ಮಾತ್ರ ಜಾಸ್ತಿ ಆಗಿತ್ತು.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಸರಾಸರಿ 18 ದಿನ ಅಂತ ಓದಿಕೊಂಡು ಸುಮ್ನೆ ಕೂರ್ಬೇಡಿ. ಉಸಿರಾಡೋಕೆ ಕಷ್ಟ, ಎದೆನೋವು, ಕಫದಲ್ಲಿ ರಕ್ತ, ತುಟಿ ನೀಲಿ ಆಗೋದು, ಬಿಟ್ಟು ಮತ್ತೆ ಏರೋ ಜ್ವರ, ಮಗು ಹಾಲು ಕುಡೀದೇ ಇರೋದು, ತೂಕ ಇಳಿಯೋದು, ಇದ್ರಲ್ಲಿ ಒಂದಿದ್ರೂ ಪೇಪರ್ ಓದ್ತಾ ಕೂರೋ ಹೊತ್ತಲ್ಲ, ಡಾಕ್ಟರ್ ಹತ್ರ ಹೋಗಿ. ಎರಡು ವಾರ ದಾಟಿದ ಕೆಮ್ಮನ್ನ ಒಂದ್ಸಲ ತೋರಿಸ್ಲೇಬೇಕು, ಟಿಬಿ ಕೂಡ ಬರೀ ಕೆಮ್ಮಾಗಿ ಶುರುವಾಗ್ಬಹುದು.

ಪೇಪರ್ ಹುಡುಕೋದು

ಪಬ್‌ಮೆಡ್ ಅಂತ ವೈದ್ಯಕೀಯ ಪೇಪರ್ ಹುಡುಕೋ ವೆಬ್‌ಸೈಟ್ ಇದೆ, ಫ್ರೀ, ಲಾಗಿನ್ ಕೂಡ ಬೇಡ. ಔಷಧಿಯ ಬ್ರ್ಯಾಂಡ್ ಹೆಸರು ಹಾಕಿದ್ರೆ ಎಷ್ಟೋ ಸಲ ಸಿಗಲ್ಲ, ಮಾತ್ರೆ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಇರತ್ತಲ್ಲ ಒಳಗಿನ ಔಷಧಿ ಹೆಸರು, ಅದನ್ನ ಹಾಕಿ, ಪಕ್ಕದಲ್ಲಿ ಕಾಯಿಲೆ ಹೆಸರು ಹಾಕಿ, ಆಮೇಲೆ ಸಿಸ್ಟಮ್ಯಾಟಿಕ್ ರಿವ್ಯೂ ಅಂತ ಫಿಲ್ಟರ್ ಒತ್ತಿ. ಒಂದೊಂದೇ ಅಧ್ಯಯನದಿಂದ ಶುರು ಮಾಡಿದ್ರೆ ತಲೆಕೆಡತ್ತೆ, ಯಾಕಂದ್ರೆ ಒಂದು ಹೌದು ಅಂದ್ರೆ ಇನ್ನೊಂದು ಇಲ್ಲ ಅನ್ನತ್ತೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿರೋ ರಿವ್ಯೂ ಮೊದಲು ಓದಿ, ಕೊಕ್ರೇನ್ ರಿವ್ಯೂ ಆದ್ರೆ ಸರಳ ಭಾಷೆಯ ಸಾರಾಂಶಾನೂ ಕೊಟ್ಟಿರ್ತಾರೆ. ಪೇಪರ್ ಪುಟದ ಮೇಲ್ಗಡೆ ರಿಟ್ರ್ಯಾಕ್ಟೆಡ್ ಅಂತ ಇದೆಯಾ ನೋಡ್ಕೊಳ್ಳಿ, ಇದ್ರೆ ಜರ್ನಲ್‌ನವರು ಅದನ್ನ ವಾಪಸ್ ತಗೊಂಡಿದಾರೆ ಅಂತ ಅರ್ಥ. ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟಿದ್ರ ಬಗ್ಗೆ 2020ರ ಮೇ 22ಕ್ಕೆ ಲ್ಯಾನ್ಸೆಟ್‌ನಲ್ಲಿ ಬಂದಿದ್ದ ಪೇಪರ್ ಜೂನ್ 4ಕ್ಕೆ ವಾಪಸ್ ಹೋಯ್ತು, ಅದರ ಡೇಟಾ ಎಲ್ಲಿಂದ ಬಂತು ಅಂತ ಪರಿಶೀಲಿಸೋಕೆ ಆಗ್ಲೇ ಇಲ್ಲ. ದೊಡ್ಡ ಜರ್ನಲ್ ಹೆಸರು ನೋಡಿ ಸಮಾಧಾನ ಪಟ್ಕೊಳ್ಳೋ ಹಾಗಿಲ್ಲ.

ಯಾರ ಮೇಲೆ ಮಾಡಿದ್ದು?

ಉಸಿರಾಟದ ಸೋಂಕು ಅನ್ನೋದು ಒಂದೇ ಕಾಯಿಲೆ ಅಲ್ಲ. ಮೂಗು, ಗಂಟಲು, ಸೈನಸ್ ಇವು ಮೇಲ್ಭಾಗ, ಶ್ವಾಸನಾಳ, ಶ್ವಾಸಕೋಶ ಇವು ಕೆಳಭಾಗ. ನೆಗಡಿ ತರೋ ರೈನೋವೈರಸ್ ಒಂದರಲ್ಲೇ 160ಕ್ಕಿಂತ ಜಾಸ್ತಿ ಬಗೆ ಇವೆ. ಆಸ್ಪತ್ರೇಲಿ ನ್ಯುಮೋನಿಯಾ ಆಗಿ ಮಲಗಿದವರ ಮೇಲೆ ಮಾಡಿದ ಅಧ್ಯಯನ ಮನೇಲಿ ಮೂಗು ಸೋರಿಸ್ಕೊಂಡು ಕೂತಿರೋರಿಗೆ ಅನ್ವಯ ಆಗಲ್ಲ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಬ್ರಿಟನ್ನಿನ ರಿಕವರಿ ಟ್ರಯಲ್‌ಗಿಂತ (ಟ್ರಯಲ್ ಅಂದ್ರೆ ರೋಗಿಗಳ ಮೇಲೆ ಔಷಧಿ ಪರೀಕ್ಷೆ ಮಾಡೋ ಅಧ್ಯಯನ) ಒಳ್ಳೇ ಉದಾಹರಣೆ ನಂಗೆ ಸಿಕ್ಕಿಲ್ಲ. 2020ರಲ್ಲಿ ಕೋವಿಡ್ ಆಗಿ ಆಸ್ಪತ್ರೆ ಸೇರಿದವರಲ್ಲಿ 2104 ಜನಕ್ಕೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್ ಕೊಟ್ರು, 4321 ಜನಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. 28 ದಿನದೊಳಗೆ ಎಷ್ಟು ಜನ ತೀರಿಕೊಂಡ್ರು ಅಂತ ಲೆಕ್ಕ. ವೆಂಟಿಲೇಟರ್ ಮೇಲಿದ್ದವರಲ್ಲಿ ಔಷಧಿ ಇಲ್ಲದ ಗುಂಪಲ್ಲಿ 100ಕ್ಕೆ 41.4, ಔಷಧಿ ತಗೊಂಡವರಲ್ಲಿ 29.3. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ 26.2, ಅದು 23.3ಕ್ಕೆ ಇಳೀತು. ಆಕ್ಸಿಜನ್ನೇ ಬೇಕಾಗದೇ ಇದ್ದವರಲ್ಲಿ ಮಾತ್ರ ಉಲ್ಟಾ, ಔಷಧಿ ಇಲ್ದೆ 14.0, ಔಷಧಿ ತಗೊಂಡ್ರೆ 17.8. ಆ ಕೊನೇ ಗುಂಪಿನ ವ್ಯತ್ಯಾಸ ಆಕಸ್ಮಿಕಾನೂ ಇರ್ಬಹುದು, ಆದ್ರೆ ಉಪಯೋಗ ಆಯ್ತು ಅನ್ನೋಕಂತೂ ಏನೂ ಇಲ್ಲ. ಒಂದೇ ಔಷಧಿ, ಒಂದೇ ವೈರಸ್, ಒಂದೇ ಟ್ರಯಲ್. "ಸ್ಟೆರಾಯ್ಡ್ ಜೀವ ಉಳಿಸತ್ತೆ" ಅನ್ನೋ ಹೆಡ್‌ಲೈನ್ ಮಾತ್ರ ಓದಿ ಮನೇಲಿ ಸಣ್ಣ ಜ್ವರಕ್ಕೆ ಅದನ್ನ ನುಂಗಿದ್ರೆ ಯಾವ ಗುಂಪಿಗೆ ಸೇರ್ತೀವಿ ಅಂತ ನೀವೇ ನೋಡಿ. ಅದಕ್ಕೇ ಪೇಪರ್‌ನಲ್ಲಿ ಟೇಬಲ್ 1 ಅಂತ ಇರತ್ತಲ್ಲ, ವಯಸ್ಸು, ಬೇರೆ ಕಾಯಿಲೆ, ಎಷ್ಟನೇ ದಿನಕ್ಕೆ ಔಷಧಿ ಶುರು, ಎಲ್ಲ ಅಲ್ಲಿರತ್ತೆ, ಅದನ್ನ ಬಿಟ್ಟು ಮುಂದೆ ಹೋಗ್ಬೇಡಿ.

ಹೋಲಿಕೆ ಯಾವುದರ ಜೊತೆ, ಗುಂಪು ಮಾಡಿದ್ದು ಹೇಗೆ

ಹೋಲಿಸೋಕೆ ಇನ್ನೊಂದು ಗುಂಪೇ ಇಲ್ಲದ ಅಧ್ಯಯನ ಆದ್ರೆ ಅಲ್ಲೇ ಮುಚ್ಚಿಡಿ. ತಾನಾಗೇ ವಾಸಿಯಾಗೋ ಕಾಯಿಲೇಲಿ "10 ದಿನದಲ್ಲಿ ಎಲ್ರಿಗೂ ಗುಣವಾಯ್ತು" ಅನ್ನೋದಕ್ಕೆ ಬೆಲೆ ಇಲ್ಲ.

ಗುಂಪು ಇದ್ರೆ, ಯಾರು ಯಾವ ಗುಂಪಿಗೆ ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರ ಆಗಿರ್ಬೇಕು, ಇದಕ್ಕೇ ರ‍್ಯಾಂಡಮೈಸೇಷನ್ ಅನ್ನೋದು. 1948ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಪ್ರಕಟಿಸಿದ ಸ್ಟ್ರೆಪ್ಟೋಮೈಸಿನ್ ಟ್ರಯಲ್ ಶ್ವಾಸಕೋಶದ ಟಿಬಿ ಮೇಲೆ ನಡೆದಿದ್ದು. ಒಟ್ಟು 107 ರೋಗಿಗಳು, ಮುಚ್ಚಿದ ಲಕೋಟೆ ತೆರೆದ ಮೇಲೇನೇ ಯಾವ ಗುಂಪು ಅಂತ ಗೊತ್ತಾಗ್ತಿತ್ತು, ಹಂಗಾಗಿ ಡಾಕ್ಟರ್ ತಮಗೆ ಬೇಕಾದವರನ್ನ ಬೇಕಾದ ಕಡೆ ಸೇರಿಸೋ ಹಾಗಿರ್ಲಿಲ್ಲ. ಎಕ್ಸ್‌ರೇ ನೋಡೋರಿಗೂ ಅದು ಯಾವ ಗುಂಪಿನವರದು ಅಂತ ಹೇಳ್ತಿರ್ಲಿಲ್ಲ. ಆರು ತಿಂಗಳಲ್ಲಿ ಔಷಧಿ ತಗೊಂಡ 55ರಲ್ಲಿ 4 ಜನ ತೀರಿಕೊಂಡ್ರು, ಬರೀ ವಿಶ್ರಾಂತಿಯಲ್ಲಿದ್ದ 52ರಲ್ಲಿ 14. ಮುಂದೆ ಬ್ಯಾಕ್ಟೀರಿಯಾ ಆ ಔಷಧಿಗೆ ಜಗ್ಗದೇ ಹೋದಾಗ ಆ ಲಾಭದ ಬಹುಪಾಲು ಕರಗಿಹೋಯ್ತು, ಟಿಬಿಗೆ ಒಂದೇ ಔಷಧಿ ಸಾಲದು ಅಂತ ಕಲಿತಿದ್ದು ಹೀಗೆ. ಎಷ್ಟು ಕಾಲ ಹಿಂಬಾಲಿಸಿ ನೋಡಿದಾರೆ ಅನ್ನೋದನ್ನೂ ಕೇಳ್ಬೇಕು ಅಂತ ನಾನು ಕಲಿತಿದ್ದೂ ಇಲ್ಲಿಂದಾನೇ.

ಆಮೇಲೆ ಬ್ಲೈಂಡಿಂಗ್. ತಾನು ತಗೊಳ್ತಿರೋದು ನಿಜವಾದ ಔಷಧಿನೋ ಪ್ಲಾಸಿಬೊನೋ (ನೋಡೋಕೆ ಹಾಗೇ ಇರೋ, ಔಷಧಿ ಇಲ್ಲದ ಮಾತ್ರೆ) ಅಂತ ರೋಗಿಗೆ ಗೊತ್ತಾಗ್ಬಾರದು. ನೆಗಡಿಯಲ್ಲಿ ಇದು ತುಂಬಾ ಮುಖ್ಯ, ಯಾಕಂದ್ರೆ ಗಂಟಲು ಕೆರೆತ ಎಷ್ಟಿದೆ, ಮೈಕೈ ನೋವು ಎಷ್ಟಿದೆ ಅಂತ ಅಳೆಯೋಕೆ ಯಾವ ಮೀಟರೂ ಇಲ್ಲ, ರೋಗಿ ಹೇಳಿದ್ದೇ ಲೆಕ್ಕ. 1975ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನ 311 ನೌಕರರು ಸೇರ್ಕೊಂಡ್ರು, ಅರ್ಧದಷ್ಟು ಜನರ ಕ್ಯಾಪ್ಸೂಲಲ್ಲಿ ವಿಟಮಿನ್ ಸಿ, ಉಳಿದವರದ್ರಲ್ಲಿ ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ. ವಿಟಮಿನ್ ಸಿ ಹುಳಿ, ಲ್ಯಾಕ್ಟೋಸ್ ಸಿಹಿ. ಕೆಲವರು ಕ್ಯಾಪ್ಸೂಲ್ ಬಿಚ್ಚಿ ನಾಲಿಗೆಗೆ ಹಚ್ಚಿ ನೋಡ್ಬಿಟ್ರು! ಒಟ್ಟು ಲೆಕ್ಕದಲ್ಲಿ ವಿಟಮಿನ್ ಸಿ ತಗೊಂಡವರ ನೆಗಡಿ ಸ್ವಲ್ಪ ಬೇಗ ಹೋದ ಹಾಗೆ ಕಾಣ್ತು, ಆದ್ರೆ ಏನು ತಗೊಳ್ತಿದೀವಿ ಅಂತ ಗೊತ್ತಿಲ್ಲದೇ ಇದ್ದವರನ್ನ ಮಾತ್ರ ಬೇರೆ ತೆಗೆದು ನೋಡಿದಾಗ ಆ ವ್ಯತ್ಯಾಸ ಮಾಯ. ಯಾರೂ ಸುಳ್ಳು ಹೇಳಿದ್ದಲ್ಲ, ಔಷಧಿ ತಗೊಳ್ತಿದೀನಿ ಅಂತ ಗೊತ್ತಾದ್ರೆ ಮೈಗೆ ನಿಜವಾಗ್ಲೂ ಹಗುರ ಅನ್ಸತ್ತೆ. ಹಾಗಾಗಿ ಪ್ಲಾಸಿಬೊದ ರುಚಿ, ಬಣ್ಣ ಒಂದೇ ಥರ ಇತ್ತಾ ಅಂತ ಮೆಥಡ್ಸ್ ಭಾಗದಲ್ಲಿ ಹುಡುಕಿ, ಕೆಮ್ಮಿನ ಸಿರಪ್ ಆದ್ರೆ ಇನ್ನೂ ಗಮನ ಇಟ್ಟು ಹುಡುಕಿ.

ಏನನ್ನ ಅಳೆದ್ರು, ಎಷ್ಟು ವ್ಯತ್ಯಾಸ

ಕೆಲವು ಅಧ್ಯಯನ ಮನುಷ್ಯರ ಕಾಯಿಲೆ ಅಳೆಯೋ ಬದಲು ಬೇರೇನೋ ಅಳೆದಿರತ್ತೆ. ಲ್ಯಾಬಿನ ತಟ್ಟೇಲಿ ವೈರಸ್ ಸತ್ತಿತು ಅಂತ, ಇಲ್ಲಾ ರಕ್ತದಲ್ಲಿ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ಮಾಡ್ಕೊಳ್ಳೋ ಪ್ರೋಟೀನ್) ಏರಿತು ಅಂತ. ಹೈಡ್ರಾಕ್ಸಿಕ್ಲೋರೋಕ್ವಿನ್ ಲ್ಯಾಬಲ್ಲಿ ಕೊರೊನಾ ವೈರಸ್ ತಡೆದಿತ್ತು, ರಿಕವರಿ ಟ್ರಯಲ್‌ನಲ್ಲಿ ಅದನ್ನ ತಗೊಂಡವರಲ್ಲಿ ಸಾವು 100ಕ್ಕೆ 27.0, ತಗೊಳ್ಳದವರಲ್ಲಿ 25.0.

ಆರ್‌ಎಸ್‌ವಿ ಕಥೆ ಓದಿದಾಗ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಸಣ್ಣ ಮಕ್ಕಳ ಶ್ವಾಸಕೋಶಕ್ಕೆ ಬರೋ ವೈರಸ್ ಅದು. 1960ರ ದಶಕದಲ್ಲಿ ಫಾರ್ಮಲಿನ್ ಹಾಕಿ ಸಾಯಿಸಿದ ವೈರಸ್‌ನಿಂದ ಲಸಿಕೆ ಮಾಡಿ ಮಕ್ಕಳಿಗೆ ಕೊಟ್ರು, ಆಂಟಿಬಾಡಿ ಚೆನ್ನಾಗೇ ಬಂತು. ಆಮೇಲೆ ನಿಜವಾದ ಸೋಂಕು ಬಂದಾಗ ಲಸಿಕೆ ತಗೊಂಡ ಕೂಸುಗಳಿಗೇ ಕಾಯಿಲೆ ಜೋರಾಯ್ತು, ಒಂದು ಗುಂಪಲ್ಲಿ ಸೋಂಕಾದ ಮಕ್ಕಳಲ್ಲಿ 80% ಆಸ್ಪತ್ರೆ ಸೇರಿದ್ವು, ಎರಡು ಮಕ್ಕಳು ಉಳೀಲಿಲ್ಲ. ಬಂದಿದ್ದ ಆಂಟಿಬಾಡಿ ವೈರಸ್‌ನ ಸರಿಯಾಗಿ ತಡೆಯೋ ಜಾತಿದು ಆಗಿರ್ಲಿಲ್ಲ. ವೈರಸ್ ಜೀವಕೋಶದ ಜೊತೆ ಬೆಸೆದುಕೊಳ್ಳೋಕೆ ಮುಂಚೆ ಅದರ ಎಫ್ ಪ್ರೋಟೀನ್ ಯಾವ ಆಕಾರದಲ್ಲಿರತ್ತೆ ಅಂತ 2013ರಲ್ಲಿ ಗೊತ್ತಾದ್ಮೇಲೆ ಸರಿಯಾದ ದಾರಿ ಸಿಕ್ತು, 2023ರಲ್ಲಿ ಅಮೆರಿಕದಲ್ಲಿ ಆರ್‌ಎಸ್‌ವಿ ಲಸಿಕೆಗಳಿಗೆ ಒಪ್ಪಿಗೆ ಬಂತು. ಅದಕ್ಕೇ ರಕ್ತದ ರಿಪೋರ್ಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಒಪ್ಕೊಳ್ಬೇಡಿ, ಎಷ್ಟು ಜನ ಕಾಯಿಲೆ ಬೀಳೋದು, ಆಸ್ಪತ್ರೆ ಸೇರೋದು, ಸಾಯೋದು ತಪ್ಪಿತು ಅಂತ ಕೇಳಿ.

ಇನ್ನು ಪರ್ಸೆಂಟ್. "ಸಾವು ಮೂರನೇ ಒಂದು ಭಾಗ ಕಡಿಮೆ" ಅಂತ ಕಂಡ್ರೆ ಎಷ್ಟರಿಂದ ಎಷ್ಟಕ್ಕೆ ಅಂತ ಹುಡುಕಿ. ಮೇಲಿನ ವೆಂಟಿಲೇಟರ್ ಲೆಕ್ಕದಲ್ಲಿ 41.4ರಿಂದ 29.3 ಅಂದ್ರೆ 100 ಜನಕ್ಕೆ 12 ಜೀವ, ಸುಮಾರು ಎಂಟು ಜನಕ್ಕೆ ಔಷಧಿ ಕೊಟ್ರೆ ಒಬ್ಬರು ಉಳೀತಾರೆ, ಅದು ದೊಡ್ಡ ವಿಷಯ. 100ಕ್ಕೆ 3 ಇದ್ದಿದ್ದು 2 ಆದ್ರೂ ಮೂರನೇ ಒಂದು ಭಾಗಾನೇ, ಆದ್ರೆ 100 ಜನ ನುಂಗಿದ್ರೆ ಒಬ್ಬರಿಗೆ ಉಪಯೋಗ. ವ್ಯತ್ಯಾಸ ಬರೀ ಆಕಸ್ಮಿಕಾನಾ ಅಂತ ಅಂದಾಜು ಮಾಡೋಕೆ ಪೇಪರ್‌ನಲ್ಲಿ ಕೊಡೋ ಪಿ ವ್ಯಾಲ್ಯೂ ಅನ್ನೋ ಸಂಖ್ಯೆ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಳ್ಬೇಡಿ, ಅದು ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳಲ್ಲ.

ಬಚ್ಚಿಟ್ಟಿದ್ದು ಏನಾದ್ರೂ ಇದೆಯಾ

ಟ್ರಯಲ್ ಶುರುವಾಗೋಕೆ ಮುಂಚೆ ರಿಜಿಸ್ಟರ್ ಮಾಡಿರ್ಬೇಕು, ಆ ನಂಬರ್ ಪೇಪರ್‌ನಲ್ಲಿ ಇರತ್ತೆ. ಅದನ್ನ ಕ್ಲಿನಿಕಲ್ ಟ್ರಯಲ್ಸ್ ಡಾಟ್ ಗವ್ ಥರದ ರಿಜಿಸ್ಟ್ರಿಯಲ್ಲಿ ಹಾಕಿ, ಏನನ್ನ ಅಳೀತೀವಿ ಅಂತ ಮೊದಲು ಹೇಳಿದ್ರೋ ಅದನ್ನೇ ಅಳೆದಿದಾರಾ ನೋಡಿ. ದುಡ್ಡು ಕೊಟ್ಟಿದ್ದು ಯಾರು ಅಂತ ಕೊನೇ ಪುಟದಲ್ಲಿರತ್ತೆ. ಕಂಪನಿ ಕೊಟ್ಟಿದ್ರೆ ಸುಳ್ಳು ಅಂತಲ್ಲ, ಆದ್ರೆ ಪ್ರಕಟ ಆಗದೇ ಉಳಿದಿದ್ದು ಇದೆಯಾ ಅಂತ ಅನುಮಾನ ಇರ್ಬೇಕು.

ಫ್ಲೂಗೆ ಕೊಡೋ ಒಸೆಲ್ಟಾಮಿವಿರ್ ವಿಷಯದಲ್ಲಿ ಆಗಿದ್ದು ಇದೇ. 2009ರಲ್ಲಿ ಜಪಾನಿನ ಮಕ್ಕಳ ಡಾಕ್ಟರ್ ಕೇಜಿ ಹಯಾಶಿ ಕೊಕ್ರೇನ್‌ನವರಿಗೆ ಒಂದು ಪ್ರಶ್ನೆ ಬರೆದ್ರು, ನಿಮ್ಮ ರಿವ್ಯೂ ನಂಬಿಕೊಂಡಿರೋ ಲೇಖನದಲ್ಲಿ ಹತ್ತು ಟ್ರಯಲ್ ಲೆಕ್ಕಕ್ಕೆ ತಗೊಂಡಿದಾರೆ, ಜರ್ನಲ್‌ನಲ್ಲಿ ಪೂರ್ತಿ ಬಂದಿರೋದು ಎರಡೇ, ಉಳಿದ ಎಂಟು ನೀವು ನೋಡಿದೀರಾ ಅಂತ. ನೋಡಿರ್ಲಿಲ್ಲ. ಕೇಳ್ತಾ ಹೋದ್ರು, ಕಂಪನಿಯಿಂದ ಪೂರ್ತಿ ರಿಪೋರ್ಟ್ ಕೈಗೆ ಬಂದಿದ್ದು 2013ರಲ್ಲಿ. ಒಬ್ಬ ಓದುಗ ಗಮನ ಇಟ್ಟು ಓದಿ ಕೇಳಿದ ಒಂದು ಪ್ರಶ್ನೆಯಿಂದ ಇಷ್ಟೆಲ್ಲ ಆಯ್ತು ಅನ್ನೋದು ನಂಗೆ ಈಗ್ಲೂ ಧೈರ್ಯ ಕೊಡತ್ತೆ.

ಓದಿದ್ಮೇಲೆ ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಿಟ್ಕೊಳ್ಳಿ, ಡಾಕ್ಟರ್ ಹತ್ರ ಮಾತಾಡೋವಾಗ ಫಾರ್ವರ್ಡ್ ತೋರಿಸೋದಕ್ಕಿಂತ ಇದು ಎಷ್ಟೋ ವಾಸಿ. ಆ ಪೂರ್ತಿ ರಿಪೋರ್ಟ್‌ಗಳನ್ನ ನೋಡಿ ಕೊಕ್ರೇನ್‌ನವರು 2014ರಲ್ಲಿ ಪ್ರಕಟಿಸಿದ ಒಸೆಲ್ಟಾಮಿವಿರ್ ರಿವ್ಯೂಗೆ ನಾನು ಬರ್ಕೊಂಡಿದ್ದು ಹೀಗಿದೆ:

ಯಾರು: ಫ್ಲೂ ಲಕ್ಷಣ ಇದ್ದ ದೊಡ್ಡವರು. ಹೋಲಿಕೆ: ಪ್ಲಾಸಿಬೊ, ರ‍್ಯಾಂಡಮ್. ಎಷ್ಟು ವ್ಯತ್ಯಾಸ: ಲಕ್ಷಣ ಇಳಿಯೋಕೆ 7 ದಿನ ಬೇಕಾಗಿದ್ದು 6.3 ದಿನ, ಅಂದ್ರೆ 16.8 ಗಂಟೆ ಕಡಿಮೆ, ಆಸ್ಪತ್ರೆ ಸೇರೋದು ಕಡಿಮೆಯಾಗಿದ್ದು ಕಾಣ್ಲಿಲ್ಲ. ತೊಂದರೆ: ವಾಕರಿಕೆ, ವಾಂತಿ ಜಾಸ್ತಿ. ಕೆಳಗೆ ಡಾಕ್ಟರಿಗೆ ಕೇಳ್ಬೇಕಾದ್ದು: ಅಮ್ಮನ ವಯಸ್ಸಿನವರಿಗೆ, ಜ್ವರ ಬಂದು ಮೂರು ದಿನ ಆಗಿದ್ರೆ ಇದರಿಂದ ಏನಾದ್ರೂ ಉಪಯೋಗ ಇದೆಯಾ?