ನಿರ್ಜಲ ಏಕಾದಶಿ: ನೀರಿನ ಲೆಕ್ಕ ದಶಮಿಗೂ ಮೊದಲೇ ಶುರು

ನಮ್ಮದು ರಾಯಚೂರು. ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮನೆಯಲ್ಲಿ ಅತ್ತೆ, ನಾನು ಇಬ್ಬರೂ ಏಕಾದಶಿ ಮಾಡುತ್ತೇವೆ, ತೊಟ್ಟು ನೀರೂ ಇಲ್ಲದೆ. ದಶಮಿ ರಾತ್ರಿ ಒಂಬತ್ತಕ್ಕೆ ಕೊನೆಯ ಲೋಟ ಕುಡಿದರೆ, ದ್ವಾದಶಿ ಬೆಳಗ್ಗೆ ಆರರ ಪಾರಣೆಗೆ, ಅಂದರೆ ಉಪವಾಸ ಬಿಡುವ ಹೊತ್ತಿಗೆ, 33 ಗಂಟೆ ಆಗಿರುತ್ತದೆ. ವ್ರತ ಬಿಡಿ ಅಂತ ನಾನು ಹೇಳುವುದಿಲ್ಲ. ಮಾಡುವವರು ಗಟ್ಟಿಯಾಗಿದ್ದು ಮಾಡಲಿ ಅನ್ನೋದು ನನ್ನ ಆಸೆ.

ತುಂಬಾ ಜನ ದಶಮಿ ರಾತ್ರಿ ಒಂದೇ ಸಲಕ್ಕೆ ತಂಬಿಗೆಗಟ್ಟಲೆ ನೀರು ಕುಡಿದು ಮಲಗುತ್ತಾರೆ. ಅದರಿಂದ ಲಾಭ ಕಡಿಮೆ. ತುಂಬಿಟ್ಟುಕೊಳ್ಳಲು ನಮ್ಮೊಳಗೆ ತೊಟ್ಟಿ ಇಲ್ಲ. ಜಾಸ್ತಿಯಾದ ನೀರನ್ನು ಕಿಡ್ನಿ ಕೆಲವೇ ಗಂಟೆಯಲ್ಲಿ ಹೊರಗೆ ಹಾಕುತ್ತದೆ, ನಿದ್ದೆಯೂ ಕೆಡುತ್ತದೆ. ಉಳಿದ ದಿನಗಳಲ್ಲಿ ನೀವು ಹೇಗೆ ಕುಡಿಯುತ್ತೀರಿ ಅನ್ನೋದೇ ಮುಖ್ಯ.

ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಅತ್ತೆಯವರನ್ನು ಕೇಳಿದರೆ ಯಾವಾಗಲೂ "ಸಾಕವ್ವ" ಅಂತಾರೆ. ಅದಕ್ಕೇ ನಾನು ಕೇಳುವುದನ್ನು ಬಿಟ್ಟು, ಒಂದು ಲೀಟರಿನ ತಾಮ್ರದ ತಂಬಿಗೆ ತುಂಬಿ ಅವರ ಪಕ್ಕ ಇಡುತ್ತೇನೆ. ಮಧ್ಯಾಹ್ನದೊಳಗೆ ಅದು ಖಾಲಿಯಾಗಬೇಕು. ಸಂಜೆಗೆ ಇನ್ನೊಂದು ತಂಬಿಗೆ. ನೀರು ಸಾಕಾಯಿತೋ ಇಲ್ಲವೋ ಅಂತ ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ಕಡಿಮೆಯಾಗಿದೆ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುವವರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅದೇ ಹಳದಿ ಮಾಡುತ್ತದೆ. ಹೃದಯ, ಕಿಡ್ನಿ ತೊಂದರೆಗೆ ಡಾಕ್ಟರ್ ನೀರು ಮಿತ ಮಾಡಿದ್ದರೆ ಅವರ ಅಳತೆಯೇ ಅಂತಿಮ.

ಇನ್ನು ಕಾಫಿ. ಏಕಾದಶಿ ಮಧ್ಯಾಹ್ನ ತಲೆ ಸಿಡಿಯುತ್ತದೆ ಅನ್ನುವವರು ನೀರನ್ನಷ್ಟೇ ದೂರುತ್ತಾರೆ. ದಿನಾ ಮೂರು ನಾಲ್ಕು ಲೋಟ ಕುಡಿಯುವವರಿಗೆ ಕಾಫಿ ನಿಂತ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಅಷ್ಟಮಿಯಿಂದಲೇ ಕಡಿಮೆ ಮಾಡುತ್ತಾ ಬನ್ನಿ. ದಶಮಿಗೆ ಬೆಳಗ್ಗೆ ಅರ್ಧ ಲೋಟಕ್ಕೆ ಇಳಿಸಿ. ಇದೊಂದನ್ನು ಪಾಲಿಸಿದರೂ ವ್ರತದ ಅರ್ಧ ಕಷ್ಟ ಇಳಿಯುತ್ತದೆ ಅಂತ ನನ್ನ ಅಭಿಪ್ರಾಯ.

ದಶಮಿಯ ಒಂದೇ ಊಟದಲ್ಲಿ ನೀರಿನಂಶದ ಅಡುಗೆ ಇರಲಿ. ಸೋರೆಕಾಯಿ ಅಥವಾ ಹೀರೆಕಾಯಿ ಪಲ್ಯ, ಸೌತೆಕಾಯಿ ಕೋಸಂಬರಿ, ತೆಳ್ಳನೆಯ ತೊವ್ವೆ, ಕೊನೆಗೆ ಮಜ್ಜಿಗೆ. ಉಪ್ಪಿನಕಾಯಿ, ಕರಿದದ್ದು ಆ ದಿನ ಬೇಡ. ಊಟವಾದ ಮೇಲೆ ಮಲಗುವವರೆಗೆ ಗಂಟೆಗೊಂದು ಲೋಟ ನೀರು.

ಏಕಾದಶಿ ದಿನ ಬೆವರು ಸುರಿಸದಿರುವುದೇ ದೊಡ್ಡ ಕೆಲಸ. ಮಕ್ಕಳಿಗೆ ಬೇಕಾದ ಅಡುಗೆಯನ್ನು ಬೆಳಗ್ಗೆಯೇ ಮುಗಿಸಿ, ಆಮೇಲೆ ಒಲೆ ಮುಂದೆ ನಿಲ್ಲಬೇಡಿ. ಮಠಕ್ಕೆ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಮಧ್ಯಾಹ್ನ ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಫ್ಯಾನಿನ ಕೆಳಗೆ ಪಾರಾಯಣ ಮಾಡಿ. ರಾತ್ರಿ ಜಾಗರಣೆಯ ಭಜನೆಯೂ ಗಾಳಿ ಆಡುವ ಕಡೆ ಇರಲಿ.

ದ್ವಾದಶಿ ಪಾರಣೆಯಲ್ಲಿ ಹಿರಿಯರು ಹಾಕಿಕೊಟ್ಟ ಕ್ರಮ ನನಗೆ ಬಹಳ ಇಷ್ಟ. ತೀರ್ಥ ತೆಗೆದುಕೊಂಡ ಮೇಲೆ ನಾನು ಅತ್ತೆಗೆ ಒಂದು ಚೂರು ನೆಲ್ಲಿಕಾಯಿ ಕೊಡುತ್ತೇನೆ. ಒಣಗಿದ ಬಾಯಲ್ಲಿ ಅದು ಮೊದಲು ಒಗರು, ಆಮೇಲೆ ಜೊಲ್ಲು ಬರುತ್ತದೆ. ಅದರ ಮೇಲೆ ಕುಡಿದ ನೀರು ಸಿಹಿಯಾಗಿರುತ್ತದೆ. ಸಣ್ಣ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಗಟಗಟ ಕುಡಿದರೆ ಹೊಟ್ಟೆ ತೊಳಸುತ್ತದೆ. ನಂತರ ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ಮೆತ್ತಗಿನ ಅನ್ನ, ಉಪ್ಪು ಹಾಕಿದ ಮಜ್ಜಿಗೆ. ನೀರಿನ ಜೊತೆ ಉಪ್ಪೂ ಹೋದರೆ ದೇಹದಲ್ಲಿ ನೀರು ನಿಲ್ಲುತ್ತದೆ. ಕಾಫಿ ಊಟದ ನಂತರವೇ. ಆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುತ್ತಿರಿ.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು, ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಕಿಡ್ನಿ ತೊಂದರೆ ಇರುವವರು, ಬಸುರಿಯರು, ಎದೆಹಾಲು ಕುಡಿಸುವವರು ಡಾಕ್ಟರನ್ನು ಕೇಳದೆ ನಿರ್ಜಲ ಮಾಡಲೇಬಾರದು. ನೀರು, ಹಣ್ಣು, ಹಾಲು, ಔಷಧದಿಂದ ವ್ರತ ಕೆಡುವುದಿಲ್ಲ ಎಂಬ ಮಾತು ಮಹಾಭಾರತದಲ್ಲೇ ಇದೆ. ಏಕಾದಶಿಗೆ ಅದು ಅನ್ವಯಿಸದು ಎನ್ನುವ ಕಟ್ಟುನಿಟ್ಟಿನವರೂ ಮಕ್ಕಳು, ಮುದುಕರು, ರೋಗಿಗಳಿಗೆ ರಿಯಾಯಿತಿ ಕೊಡುತ್ತಾರೆ. ಅನುಮಾನವಿದ್ದರೆ ನಿಮ್ಮ ಆಚಾರ್ಯರನ್ನೇ ಕೇಳಿ.

ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಎಂಟು ಗಂಟೆ ಮೂತ್ರವೇ ಆಗದಿರುವುದು, ನಾಲಿಗೆ ಒಣಗಿ ಅಂಟುವುದು, ಇವುಗಳಲ್ಲಿ ಯಾವುದು ಕಂಡರೂ ಪಾರಣೆಗೆ ಕಾಯಬೇಡಿ, ಆಗಲೇ ನೀರು ಕೊಡಿ. ಓಆರ್‌ಎಸ್ ಇದ್ದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕಲಸಬೇಕು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್. ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಚಮಚದ ಮಟ್ಟಕ್ಕೆ ಅಳೆದು ಹಾಕಿ. ಮಾತು ತಡವರಿಸುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪುತ್ತಿದ್ದರೆ ಬಾಯಿಗೆ ಏನನ್ನೂ ಸುರಿಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.