ಲಾರಿ ಕ್ಯಾಬಿನ್‌ನಿಂದ ಒಬ್ಬರನ್ನು ಬಿಡಿಸಿದ ರಾತ್ರಿ: ನನ್ನ ಅನುಭವ

ನಾನು 108ರಲ್ಲಿ ಇಎಂಟಿ. ಅಂದರೆ ಆಂಬುಲೆನ್ಸ್ ಹಿಂಭಾಗದಲ್ಲಿ ರೋಗಿಯ ಜೊತೆ ಕೂರುವವನು. ಗಾಡಿ ಓಡಿಸುವವರನ್ನು ನಮ್ಮಲ್ಲಿ ಪೈಲಟ್ ಅನ್ನುತ್ತೇವೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಸಿರಾ ದಾಟಿ ಹಿರಿಯೂರಿನ ಕಡೆ ನಡೆದ ಒಂದು ಅಪಘಾತದ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿಗೆ ಹೋದ ನಾಲ್ಕು ಕಡೆಯವರು ಮೊದಲ ಕಾಲು ಗಂಟೆ ಹೇಗೆ ಒಬ್ಬರಿಗೊಬ್ಬರು ಅಡ್ಡ ಬಂದೆವು, ಆಮೇಲೆ ಹೇಗೆ ಸರಿ ಹೋದೆವು ಅನ್ನುವುದೇ ವಿಷಯ.

ಬೆಳಗಿನ ಜಾವ ಮೂರರ ಹತ್ತಿರ ಕೇಸ್ ಬಂತು. ಕೆಟ್ಟು ನಿಂತಿದ್ದ ಟ್ರೇಲರ್‌ಗೆ ಹಿಂದಿನಿಂದ ಲಾರಿ ಗುದ್ದಿತ್ತು. ಕ್ಲೀನರ್ ಹೊರಗೆ ಕೂತಿದ್ದ, ಕೈ ಮುರಿದಿತ್ತು, ಆದರೆ ಮಾತಾಡುತ್ತಿದ್ದ. ಡ್ರೈವರ್ ಒಳಗೆ. ಡ್ಯಾಶ್‌ಬೋರ್ಡ್ ಕುಸಿದು ಎರಡೂ ಮೊಣಕಾಲನ್ನು ಹಿಡಿದಿತ್ತು.

ಮೊದಲ ತಪ್ಪು ನನ್ನದೇ. ಸ್ಟ್ರೆಚರ್ ಹತ್ತಿರ ಆಗಲಿ ಅಂತ ಗಾಡಿಯನ್ನು ಲಾರಿ ಪಕ್ಕಕ್ಕೇ ಹಾಕಿಸಿದೆ. ಸ್ವಲ್ಪ ಹೊತ್ತಿಗೆ ಅಗ್ನಿಶಾಮಕದವರು ಬಂದರೆ ಅವರಿಗೆ ಜಾಗವೇ ಇಲ್ಲ. ಕಬ್ಬಿಣ ಕತ್ತರಿಸುವ ಅವರ ಮಿಷನ್, ಅಂದರೆ ಕಟ್ಟರ್‌ನ ಪೈಪ್ ಉದ್ದ ಇರುವುದೇ ಅಷ್ಟು, ಅದರ ಪಂಪ್ ಹತ್ತಿರ ಇರಲೇಬೇಕು. ನಾವು ಲಾರಿ ದಾಟಿ ಐವತ್ತು ಮೀಟರ್ ಮುಂದೆ, ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕಿತ್ತು. ರೋಗಿಯನ್ನು ಐವತ್ತು ಮೀಟರ್ ತಳ್ಳಿಕೊಂಡು ಹೋಗೋದು ಕಷ್ಟವೇನಲ್ಲ, ಕಟ್ಟರ್ ಐದು ನಿಮಿಷ ತಡವಾದರೆ ಕಷ್ಟ.

ಎರಡನೆಯದು ಇನ್ನೂ ದೊಡ್ಡದಾಗುತ್ತಿತ್ತು. ಹೆದ್ದಾರಿ ಸಹಾಯವಾಣಿ 1033ಕ್ಕೆ ಹೋದ ಕರೆಗೆ ಬಂದ ಕ್ರೇನ್‌ನವರು ಲಾರಿಯನ್ನು ಹಿಂದಕ್ಕೆ ಎಳೆಯೋಣ ಅಂತ ಯಾರನ್ನೂ ಕೇಳದೆ ರೋಪ್ ಸಿಕ್ಕಿಸಿದ್ದರು. ಪೊಲೀಸರಿಗೆ ಒಂದು ಲೇನ್ ಬೇಗ ಬಿಡಿಸುವ ಅವಸರ. ನಾನು ಆಗಲೇ ಕ್ಯಾಬಿನ್ ಒಳಗಿದ್ದೆ. ಲಾರಿ ಒಂದು ಗೇಣು ಅಲುಗಿತು. ಆ ಮನುಷ್ಯ ಕೂಗಿದ್ದು ನನಗೆ ಈಗಲೂ ಕೇಳುತ್ತದೆ.

ಆಗ ಅಗ್ನಿಶಾಮಕದ ಹಿರಿಯರೊಬ್ಬರು "ಎಲ್ಲಾ ನಿಲ್ಸಿ!" ಅಂತ ಗದರಿದರು. ಕ್ರೇನ್‌ನವರಿಗೆ "ಎಳೆಯೋದು ಬೇಡಪ್ಪ, ಜಾರದ ಹಾಗೆ ಹಿಡ್ಕೊಂಡಿರು ಸಾಕು" ಅಂದರು. ನನ್ನ ಕಡೆ ತಿರುಗಿ, "ಒಳಗಿನ ಮಾತು ನಿಂದು, ಹೊರಗಿನ ಮಾತು ನಂದು. ನೀನು ಮುಷ್ಟಿ ಎತ್ತಿದ್ರೆ ಮಿಷನ್ ನಿಲ್ಲುತ್ತೆ." ಇಷ್ಟೇ. ಅಲ್ಲಿಂದ ಕೆಲಸ ಕೆಲಸದ ಥರ ಆಯಿತು.

ಚಕ್ರಗಳು ಉರುಳದ ಹಾಗೆ ಅಡ್ಡ ಕೊಟ್ಟರು. ಡ್ಯಾಶ್‌ಬೋರ್ಡ್ ಮೇಲೆ ಮುರುಗನ ಫೋಟೋ ಸುತ್ತ ಬಣ್ಣದ ಲೈಟು ಮಿಣುಕುತ್ತಲೇ ಇತ್ತು. ಅದನ್ನು ನೋಡಿಯೇ ಬ್ಯಾಟರಿ ತೆಗೆದಿಲ್ಲ ಅಂತ ಹೊಳೆದದ್ದು. ಕೆಳಗೆ ಡೀಸೆಲ್ ಬೇರೆ ಸೋರುತ್ತಿತ್ತು. ಕೂಗಿ ಹೇಳಿದೆ, ವೈರ್ ಬಿಚ್ಚಿದರು, ಲೈಟು ಆರಿತು.

ಬಲಗಾಲಿನಿಂದ ರಕ್ತ ಜಾಸ್ತಿ ಹೋಗುತ್ತಿತ್ತು. ತೊಡೆಗೆ ಪಟ್ಟಿ ಬಿಗಿದು ಕಟ್ಟಿದೆ, ಕಟ್ಟಿದ ಸಮಯವನ್ನು ಪ್ಲಾಸ್ಟರ್ ಮೇಲೆ ಬರೆದು ಅಂಗಿಗೆ ಅಂಟಿಸಿದೆ. ಕುತ್ತಿಗೆಗೆ ಕಾಲರ್, ಮುಖಕ್ಕೆ ಆಕ್ಸಿಜನ್. ಫೋನ್‌ನಲ್ಲಿದ್ದ ನಮ್ಮ ಕಂಟ್ರೋಲ್ ರೂಮ್ ಡಾಕ್ಟರ್ ಒಂದೇ ಮಾತು ಒತ್ತಿ ಹೇಳಿದರು: ಡ್ರಿಪ್ ಓಡದೆ ಕಾಲು ಬಿಡಿಸಬೇಡ. ಬಹಳ ಹೊತ್ತು ಜಜ್ಜಿ ಹಿಡಿದ ಕಾಲನ್ನು ಥಟ್ಟನೆ ಬಿಟ್ಟರೆ ಅಲ್ಲಿ ಕೂತ ಕೆಟ್ಟ ರಕ್ತ ಒಮ್ಮೆಗೇ ಮೈಗೆಲ್ಲ ಓಡುತ್ತದೆ, ಬಿಪಿ ಬೀಳಬಹುದು, ಹೃದಯವೂ ನಿಲ್ಲಬಹುದು. ಅಲ್ಲಿಯವರೆಗೆ ಮಾತಾಡಿಕೊಂಡಿದ್ದ ಮನುಷ್ಯ ಬಿಡಿಸಿದ ಮೇಲೆ ಹೋಗಿಬಿಡುವುದು ಹೀಗೆ. ಕಟ್ಟರ್‌ನವರಿಗೆ ಇದು ಗೊತ್ತಿರಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಹೇಳದೆ ಹೇಗೆ ಗೊತ್ತಾಗುತ್ತೆ, ಅಲ್ವಾ?

ಸಲೈನ್ ಬಾಟಲಿ ಹಿಡಿದದ್ದು ಪಕ್ಕದ ಢಾಬಾದ ಹುಡುಗ. "ಸಾರ್, ನನ್ನ ಮೇಲೆ ಕೇಸ್ ಬರಲ್ಲ ತಾನೇ?" ಅಂತ ಎರಡು ಸಲ ಕೇಳಿದ. ನೆರವಿಗೆ ಬಂದವರಿಗೆ ರಕ್ಷಣೆ ಇದೆ, 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲೇ ಸೇರಿಸಿದ್ದಾರೆ. ಅವನಿಗೆ "ಬರಲ್ಲ ಹಿಡ್ಕೊಳಪ್ಪ" ಅಂದೆ ಅಷ್ಟೇ.

ಗಾಜು ಸಿಡಿಯುತ್ತೆ ಅಂತ ನನಗೂ ಡ್ರೈವರ್‌ಗೂ ಸೇರಿಸಿ ಒಂದೇ ಕಂಬಳಿ ಹೊದಿಸಿದರು. ಒಳಗೆ ಕತ್ತಲು. ಕಬ್ಬಿಣ ತುಂಡಾಗುವಾಗ ಲಟಕ್ ಅಂತ ಸದ್ದು, ಪ್ರತಿ ಸದ್ದಿಗೂ ಅವರು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ಅವರಿಗೆ ತಮಿಳು ಬಿಟ್ಟರೆ ಬೇರೆ ಬರುತ್ತಿರಲಿಲ್ಲ, ನನಗೆ ತಮಿಳು ಬರಲ್ಲ. ನಮ್ಮ ಪೈಲಟ್ ಕಿಟಕಿ ಹತ್ತಿರ ನಿಂತು ತಮಿಳಿನಲ್ಲಿ ಮುಂದಿನ ಸದ್ದು ಯಾವುದು, ಎಷ್ಟು ಹೊತ್ತು ಅಂತ ಮೊದಲೇ ಹೇಳುತ್ತಾ ಹೋದರು. ಔಷಧಿಗಿಂತ ಇದೇ ಜಾಸ್ತಿ ಕೆಲಸ ಮಾಡಿತು ಅನ್ನುತ್ತೇನೆ ನಾನು.

ಎರಡು ಸಲ ಮುಷ್ಟಿ ಎತ್ತಿದೆ, ಕಂಬಳಿ ಹೊರಗೆ ಕೈ ಚಾಚಿ. ಎರಡೂ ಸಲ ಮಿಷನ್ ನಿಂತಿತು. ಒಮ್ಮೆ ನಾಡಿ ಸಿಗಲಿಲ್ಲ ಅಂತ, ಇನ್ನೊಮ್ಮೆ ಡ್ರಿಪ್ ಸೂಜಿ ಜಾರಿತ್ತು ಅಂತ. ಕೊನೆಗೆ ಜಾಕ್‌ನಿಂದ ಡ್ಯಾಶ್‌ಬೋರ್ಡನ್ನು ಮುಂದಕ್ಕೆ ಒತ್ತಿ, ರೋಗಿಯನ್ನು ಮಲಗಿಸಿ ಎತ್ತುವ ಬೋರ್ಡ್ ತೂರಿಸಿ, ಆರು ಜನ ಒಂದೇ ಎಣಿಕೆಗೆ ಎತ್ತಿದೆವು. ಜಿಲ್ಲಾಸ್ಪತ್ರೆಗೆ ಮುಟ್ಟಿದಾಗ ಅವರಿಗೆ ಪ್ರಜ್ಞೆ ಇತ್ತು. ಬಲಗಾಲು ಉಳಿಯಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಅಗ್ನಿಶಾಮಕದ ಆ ಹಿರಿಯರ ನಂಬರ್ ತಗೊಂಡಿದ್ದೆ. ಎರಡು ವಾರ ಬಿಟ್ಟು, ರಜೆಯ ದಿನ ಅವರ ಠಾಣೆಗೆ ಹೋದೆ. ಗುಜರಿ ಜೀಪ್ ಒಂದರಲ್ಲಿ ಠಾಣೆಯ ಹುಡುಗನೊಬ್ಬನನ್ನೇ ರೋಗಿ ಮಾಡಿ ಕೂರಿಸಿ ಕಾಲರ್ ಹಾಕೋದು, ಬೋರ್ಡ್ ತೂರಿಸೋದು ತೋರಿಸಿದೆ. ಅವರು ಕಟ್ಟರ್ ಕೈಗೆ ಕೊಟ್ಟರು. ಎದೆ ಮಟ್ಟಕ್ಕೆ ಎತ್ತಿ ಹಿಡಿದೆ, ಒಂದು ನಿಮಿಷಕ್ಕೆ ತೋಳು ನಡುಗತೊಡಗಿತು. "ಆವತ್ತು ಮುಷ್ಟಿ ಎತ್ತಿದಾಗೆಲ್ಲ ಇದನ್ನ ಹಂಗೇ ಹಿಡ್ಕೊಂಡು ನಿಂತಿದ್ವಿ ಕಣಪ್ಪ" ಅಂತ ನಕ್ಕರು.