ಸಿರಿಯ ಸರದಿ ಬರುವ ಮುನ್ನ: ‘ದಿ ವಿಚರ್’ ಮೂರೂ ಭಾಗ ಮತ್ತೆ ಆಡುವುದು ಹೇಗೆ?

ಕೆರೆ ದಂಡೆಯ ಹಳ್ಳಿಯೊಂದರಲ್ಲಿ ಆಲ್ವಿನ್ ಎಂಬ ಅನಾಥ ಹುಡುಗ, ದುಡ್ಡಿಗೆ ಪಿಶಾಚಿಗಳನ್ನು ಬೇಟೆಯಾಡುವ ‘ವಿಚರ್’ ಗೆರಾಲ್ಟ್‌ನನ್ನು ನಿಲ್ಲಿಸಿ ವಿಧಿಯ ಬಗ್ಗೆ ಕೇಳುತ್ತಾನೆ. ಪರದೆಯ ಮೇಲೆ ಎರಡು-ಮೂರು ಉತ್ತರಗಳು ಕಾಣಿಸುತ್ತವೆ. ಮೊದಲ ಸಲ ಆಡಿದಾಗ ನಾನು ಯಾವುದೋ ಒಂದನ್ನು ಒತ್ತಿ ಮುಂದೆ ಹೋಗಿಬಿಟ್ಟೆ. ಹತ್ತಾರು ಗಂಟೆಗಳ ನಂತರ, ಆಟದ ಕೊನೆಯ ಹಿಮದ ಬಯಲಿನಲ್ಲಿ, ನಾನು ಆ ಹುಡುಗನಿಗೆ ಹೇಳಿದ್ದ ಮಾತೇ ಬೇರೊಬ್ಬನ ಬಾಯಿಂದ ನನ್ನೆದುರು ಬಂದು ನಿಂತಿತು. ಕುರ್ಚಿಯಲ್ಲಿ ಹಾಗೇ ಕೂತಿದ್ದೆ. ಮಗುವಿಗೆ ಏನು ಹೇಳುತ್ತೇವೆ ಅನ್ನುವುದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಗೇಮ್ ಅಲ್ಲಿಯವರೆಗೆ ನಾನು ಆಡಿರಲಿಲ್ಲ.

ಅದು ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 2007ರಲ್ಲಿ ತಂದ ವಿಡಿಯೊ ಗೇಮ್ ‘ದಿ ವಿಚರ್’. ಎರಡನೇ ಭಾಗ 2011ರಲ್ಲಿ, ಮೂರನೆಯದು 2015ರಲ್ಲಿ ಬಂತು. ನಾಲ್ಕನೆಯದನ್ನು 2024ರ ಡಿಸೆಂಬರ್‌ನಲ್ಲಿ ಟ್ರೇಲರ್ ಸಮೇತ ತೋರಿಸಿದರು. ಇಷ್ಟು ವರ್ಷ ನಾವು ಗೆರಾಲ್ಟ್ ಆಗಿ ಆಡಿದ್ದೆವು, ಈ ಸಲ ಮುಖ್ಯ ಪಾತ್ರ ಅವನ ಸಾಕುಮಗಳು ಸಿರಿ. (ನಮ್ಮ ಕಿವಿಗೆ ಈ ಹೆಸರು ಮನೆಮಗಳ ಹೆಸರಿನಂತೆಯೇ ಕೇಳುತ್ತದೆ. ಪೋಲಿಷ್ ಧ್ವನಿಯಲ್ಲಿ ಆಡಿದರೆ ‘ತ್ಸಿರಿ’ ಅನ್ನುತ್ತಾರೆ.) 2026 ಮುಗಿಯುವ ಮುನ್ನ ಗೇಮ್ ಬರುವುದಿಲ್ಲ ಎಂದು ಕಂಪನಿಯೇ ಹೇಳಿದೆ. ಹಾಗಾಗಿ ಹಳೆಯ ಮೂರನ್ನೂ ಅವಸರವಿಲ್ಲದೆ ಮತ್ತೆ ಆಡಬಹುದು. ಮೂರನ್ನೂ ಹೊಲಿಯುವ ದಾರ ಒಂದಿದೆ: ಈ ಕಠಿಣ ಮನುಷ್ಯ ಮಕ್ಕಳ ಜತೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು. ಅದನ್ನು ಹಿಡಿದು ಹೋದರೆ ಸಿರಿಯ ಕತೆಗೆ ಸರಿಯಾದ ಬಾಗಿಲಿನಿಂದಲೇ ಒಳಹೋದಂತಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರೂ ವಯಸ್ಕರ ಗೇಮ್‌ಗಳು. ಮನೆಯಲ್ಲಿ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಆಡಿ.

ಹೆಜ್ಜೆ 1: ಕಂಪ್ಯೂಟರ್‌ನಲ್ಲಿ ಆಡಿ, ಜಾಗ ಮಾಡಿಕೊಳ್ಳಿ

ನಿಮ್ಮ ತೀರ್ಮಾನಗಳು ಒಂದು ಭಾಗದಿಂದ ಇನ್ನೊಂದಕ್ಕೆ, ಆಟ ಎಲ್ಲಿಗೆ ಬಂದಿದೆ ಎಂಬುದನ್ನು ಉಳಿಸಿಡುವ ಸೇವ್ ಫೈಲ್ ಮೂಲಕ ಸಾಗುತ್ತವೆ. ಈ ಸರಪಳಿ ಮೊದಲಿನಿಂದ ಕೊನೆಯವರೆಗೆ ಪೂರ್ತಿಯಾಗಿ ಸಿಗುವುದು ಪಿಸಿಯಲ್ಲಿ ಮಾತ್ರ. ಮೂರೂ ಭಾಗ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳಾದ ಸ್ಟೀಮ್‌ನಲ್ಲೂ ಜಿಒಜಿಯಲ್ಲೂ ಸಿಗುತ್ತವೆ, ಆಗಾಗ ಭಾರಿ ರಿಯಾಯಿತಿಯೂ ಇರುತ್ತದೆ. ಜಿಒಜಿಯಲ್ಲಿ ಕೊಂಡರೆ ಇನ್‌ಸ್ಟಾಲ್ ಫೈಲನ್ನೇ ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ಊರಿಗೆ ಹೋದಾಗ ಇಂಟರ್ನೆಟ್ ಕೈಕೊಟ್ಟರೂ ಆಟ ನಿಲ್ಲುವುದಿಲ್ಲ.

ಮೊದಲೆರಡು ಭಾಗಗಳು ಇವತ್ತಿನ ಸಾಧಾರಣ ಲ್ಯಾಪ್‌ಟಾಪ್‌ಗೆ ಭಾರವಲ್ಲ. ಮೂರನೆಯದಕ್ಕೆ ಸುಮಾರು 50 ಜಿಬಿ ಜಾಗ ಬೇಕು. 2022ರ ಡಿಸೆಂಬರ್‌ನಲ್ಲಿ ಅದಕ್ಕೊಂದು ದೊಡ್ಡ ಉಚಿತ ಅಪ್‌ಡೇಟ್ ಬಂತು, ಚಿತ್ರಗಳು ಬಹಳ ಚೆಂದವಾದವು, ಯಂತ್ರದ ಮೇಲಿನ ಹೊರೆಯೂ ಏರಿತು. ಗೇಮ್ ತೆರೆಯುವಾಗ ಡೈರೆಕ್ಟ್‌ಎಕ್ಸ್ 12ರ ಬದಲು 11 ಆರಿಸಿದರೆ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗೂ ಉಸಿರಾಡಲು ಸಾಧ್ಯವಾಗುತ್ತದೆ.

ಹೆಜ್ಜೆ 2: ಮೊದಲ ಭಾಗದ ಮೊದಲ ಅಧ್ಯಾಯ ದಾಟಿ

ಹೆಚ್ಚಿನವರು ಕೈಬಿಡುವುದು ಇಲ್ಲೇ. ವಿಜಿಮಾ ನಗರದ ಹೊರವಲಯದಲ್ಲಿ ಅಲ್ಲಿಂದಿಲ್ಲಿಗೆ ಓಡಾಟ, ರಾತ್ರಿಯಾದರೆ ನಾಯಿಗಳಂಥ ಪಿಶಾಚಿಗಳು, ಹಳೆಯ ಕಾಲದ ಮುಖಚಹರೆಗಳು. ಬೇಸರ ಬರುವುದು ನಿಜ. ಆದರೂ ಈ ಗೇಮ್‌ನ ಜೀವ ಇಲ್ಲೇ ಬಿತ್ತನೆಯಾಗುತ್ತದೆ.

ಶುರುವಿಗೆ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾವನ್ನು ಭುಜದ ಹಿಂದಕ್ಕೆ ತನ್ನಿ. ಮೇಲಿನಿಂದ ನೋಡುವ ಕ್ಯಾಮೆರಾದಲ್ಲಿ ಊರು ನಕ್ಷೆಯಂತೆ ಕಾಣುತ್ತದೆ, ಭುಜದ ಹಿಂದಿನಿಂದ ನೋಡಿದರೆ ಊರಾಗಿ ಕಾಣುತ್ತದೆ. ಡಿಫಿಕಲ್ಟಿ ಮಧ್ಯಮಕ್ಕಿಡಿ. ಕತ್ತಿವರಸೆ ಇಲ್ಲಿ ತಾಳದ ಆಟ: ಒಮ್ಮೆ ಕ್ಲಿಕ್ ಮಾಡಿ, ಕರ್ಸರ್‌ನ ಕತ್ತಿಗೆ ಬೆಂಕಿ ಹತ್ತಿದಾಗ ಮಾತ್ರ ಮತ್ತೆ ಕ್ಲಿಕ್ ಮಾಡಿ. ಗಡಿಬಿಡಿಯಲ್ಲಿ ಒತ್ತುತ್ತಾ ಹೋದರೆ ಏಟು ತಪ್ಪುತ್ತದೆ. ಮೂರು ಶೈಲಿಗಳಿವೆ. ದಪ್ಪ ಶತ್ರುವಿಗೆ ಬಲವಾದದ್ದು, ಚುರುಕಾದವನಿಗೆ ವೇಗದ್ದು, ಸುತ್ತುವರಿದಾಗ ಗುಂಪಿನದು. ಮನುಷ್ಯರಿಗೆ ಉಕ್ಕಿನ ಕತ್ತಿ, ಪಿಶಾಚಿಗಳಿಗೆ ಬೆಳ್ಳಿಯದು.

ಗಿಡಮೂಲಿಕೆಯ ಬಗ್ಗೆ ಓದಿ ತಿಳಿದಿರದಿದ್ದರೆ ಕಣ್ಣೆದುರು ಗಿಡವಿದ್ದರೂ ಗೆರಾಲ್ಟ್ ಕೀಳಲಾರ. ಆದ್ದರಿಂದ ಕೈಗೆ ಬಂದ ಮೊದಲ ದುಡ್ಡನ್ನು ಪುಸ್ತಕಗಳ ಮೇಲೆ ಹಾಕಿ. ಹಳ್ಳಿಯ ಅಜ್ಜಿಯರಿಗೆ ತಿನ್ನಲು ಏನಾದರೂ ಕೊಟ್ಟು ಮಾತಾಡಿಸಿ. ಪುಸ್ತಕದಲ್ಲಿರುವ ಎಷ್ಟೋ ಸಂಗತಿ ಅವರ ಬಾಯಲ್ಲೂ ಇದೆ. ಔಷಧಿ ಕುದಿಸುವುದು ಬೆಂಕಿಯ ಪಕ್ಕ ಧ್ಯಾನಕ್ಕೆ ಕೂತಾಗ, ಅದಕ್ಕೆ ಮದ್ಯವೇ ಮೂಲದ್ರವ. ‘ಸ್ವಾಲೋ’ ಎಂಬ ಗಾಯ ವಾಸಿ ಮಾಡುವ ಔಷಧಿ ಚೀಲದಲ್ಲಿ ಸದಾ ಇರಲಿ.

ಈಗ ಬಿತ್ತನೆಯ ಮಾತು. ನದಿ ದಡದಲ್ಲಿ ವ್ಯಾಪಾರಿಯೊಬ್ಬನ ಪೆಟ್ಟಿಗೆಗಳನ್ನು ರಾತ್ರಿಯಿಡೀ ಕಾಯುವ ಕೆಲಸ ಸಿಗುತ್ತದೆ. ನೀರಿನಿಂದ ಎದ್ದುಬರುವ ಪಿಶಾಚಿಗಳನ್ನು ಕಡಿದು ಮುಗಿಸುವಷ್ಟರಲ್ಲಿ ಬಂಡಾಯದ ಎಲ್ಫ್‌ಗಳು (ಚೂಪು ಕಿವಿಯ, ಮನುಷ್ಯರಲ್ಲದ ಜನ) ಬಂದು ಸರಕು ನಮ್ಮದು ಅನ್ನುತ್ತಾರೆ. ಕೊಡುತ್ತೀರಾ, ಹೋರಾಡುತ್ತೀರಾ? ಕೊಟ್ಟರೆ ಏನೂ ಆಗುವುದಿಲ್ಲ, ಆಗ. ಎರಡನೇ ಅಧ್ಯಾಯದಲ್ಲಿ ನಗರದೊಳಗೆ ಒಬ್ಬನನ್ನು ಹುಡುಕಿಕೊಂಡು ಹೋಗುತ್ತೀರಿ. ಅವನು ಅಷ್ಟರಲ್ಲೇ ಹೆಣವಾಗಿರುತ್ತಾನೆ. ಕೊಂದದ್ದು ಆ ಪೆಟ್ಟಿಗೆಯಲ್ಲಿದ್ದ ಆಯುಧ. ಪರಿಣಾಮ ಇಷ್ಟು ತಡವಾಗಿ ಬರುವುದರಿಂದ ಹಿಂದಿನ ಸೇವ್‌ಗೆ ಮರಳಿ ತಿದ್ದಿಕೊಳ್ಳುವ ಮನಸ್ಸೇ ಬರುವುದಿಲ್ಲ. ಇದನ್ನು ರೂಪಿಸಿದವರ ಜಾಣತನಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಮೆಚ್ಚಲಾಗದ್ದೂ ಇದೆ. ಹೆಂಗಸರೊಡನೆ ಕಳೆದ ರಾತ್ರಿಗಳನ್ನು ಚಿತ್ರದ ಕಾರ್ಡ್‌ಗಳಾಗಿ ಕೂಡಿಡುವ ವ್ಯವಸ್ಥೆ ನನಗೆ ಆಗಲೂ ಹಿಡಿಸಿರಲಿಲ್ಲ, ಈಗಂತೂ ಕಿರಿಕಿರಿ. ಅದನ್ನು ಬಿಟ್ಟು ಮುಂದೆ ಹೋದರೂ ಕತೆಗೆ ಯಾವ ನಷ್ಟವೂ ಇಲ್ಲ.

ನಾಲ್ಕನೇ ಅಧ್ಯಾಯ ಬಂದಾಗ ನಿಧಾನಿಸಿ. ಆಲ್ವಿನ್ ವಿಧಿಯ ಬಗ್ಗೆ ಕೇಳುವುದು ಇಲ್ಲೇ. ಸಿರಿಯ ಸುಳಿವೂ ಇಲ್ಲದ ಈ ಗೇಮ್‌ನಲ್ಲಿ, ನೆನಪು ಕಳೆದುಕೊಂಡ ಗೆರಾಲ್ಟ್‌ನ ಕೈಗೆ ಸಿರಿಯಂಥದೇ ರಕ್ತದ ಇನ್ನೊಂದು ಮಗು ಬಂದಿದೆ. ಅವನಿಗೆ ಉತ್ತರ ಕೊಡುವಾಗ ಕೈ ಕೀಲಿಮಣೆಯಿಂದ ತೆಗೆಯಿರಿ, ಒಂದು ನಿಮಿಷ ಯೋಚಿಸಿ.

ಹೆಜ್ಜೆ 3: ಸೇವ್ ಫೈಲನ್ನು ಒಡವೆಯಂತೆ ಎತ್ತಿಡಿ

ಇದು ನಾನು ಪೆಟ್ಟು ತಿಂದು ಕಲಿತದ್ದು. ಮೊದಲ ಭಾಗದಲ್ಲಿ ಆಟೋಸೇವ್‌ಗಳು ಒಂದರ ಮೇಲೊಂದು ಬರೆಯುವುದಿಲ್ಲ, ಹೊಸದಾಗಿ ಸೇರುತ್ತಲೇ ಹೋಗುತ್ತವೆ. ಫೋಲ್ಡರ್ ಉಬ್ಬಿ ಲೋಡಿಂಗ್ ತೆವಳತೊಡಗಿತು. ಒಂದು ಭಾನುವಾರ ಸ್ವಚ್ಛ ಮಾಡಲು ಕೂತು, ಎಲ್ಲವನ್ನೂ ಆಯ್ದು ಅಳಿಸಿಬಿಟ್ಟೆ. ಅದರಲ್ಲಿ ಕೊನೆಯ ಸೇವ್ ಕೂಡ ಇತ್ತು. ನಲವತ್ತು ಗಂಟೆಯ ಗೆರಾಲ್ಟ್ ಎರಡನೇ ಭಾಗದ ಬಾಗಿಲಿಗೇ ಬರಲಿಲ್ಲ.

ನೀವು ಹೀಗೆ ಮಾಡಿ. ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆದರೆ ‘ದಿ ವಿಚರ್’ ಎಂಬ ಫೋಲ್ಡರ್, ಅದರೊಳಗೆ ‘ಸೇವ್ಸ್’ ಸಿಗುತ್ತದೆ. ಪ್ರತಿ ಅಧ್ಯಾಯ ಮುಗಿದಾಗ ತೀರಾ ಹಳೆಯವನ್ನು ಅಳಿಸಿ, ಎರಡು-ಮೂರು ಹೊಸದನ್ನು ಉಳಿಸಿ. ಕತೆ ಮುಗಿದ ಮೇಲಿನ ಕೊನೆಯ ಸೇವನ್ನು ಪೆನ್‌ಡ್ರೈವ್‌ಗೂ ಹಾಕಿಡಿ. ಎರಡನೇ ಭಾಗದಲ್ಲಿ ಹೊಸ ಆಟ ಶುರು ಮಾಡುವಾಗ ಅದನ್ನು ಇಂಪೋರ್ಟ್ ಮಾಡಿ. ಸರೋವರದ ದೇವಿ ಕೊಟ್ಟ ‘ಏರನ್‌ಡೈಟ್’ ಬೆಳ್ಳಿ ಕತ್ತಿ ನಿಮ್ಮಲ್ಲಿದ್ದರೆ ಅದೂ ಜತೆಗೆ ಬರುತ್ತದೆ.

ಹೆಜ್ಜೆ 4: ಎರಡನೇ ಭಾಗ, ಎರಡು ದಾರಿ

ಇದು ಮೂರರಲ್ಲಿ ಚಿಕ್ಕದು, ಬಿಗಿಯಾದದ್ದು. ಫೋಲ್ಟೆಸ್ಟ್ ರಾಜನ ಕೊಲೆಯಾಗುತ್ತದೆ, ಅಪವಾದ ಗೆರಾಲ್ಟ್‌ನ ತಲೆಗೆ ಬರುತ್ತದೆ. ರಾಜಕೀಯ ಇಷ್ಟಪಡುವವರಿಗೆ ಹಬ್ಬ. ಆರಂಭದ ಕೋಟೆ ಮುತ್ತಿಗೆ ಕಠಿಣ, ಎನ್‌ಹಾನ್ಸ್ಡ್ ಎಡಿಷನ್‌ನ ತರಬೇತಿ ಭಾಗವನ್ನು ಮೊದಲು ಆಡಿಕೊಳ್ಳಿ. ಇಲ್ಲಿ ಕಾಳಗದ ನಡುವೆ ಔಷಧಿ ಕುಡಿಯಲಾಗದು, ಮೊದಲೇ ಧ್ಯಾನಕ್ಕೆ ಕೂತು ಕುಡಿದಿರಬೇಕು. ರಕ್ಷಣೆಯ ‘ಕ್ವೆನ್’ ಮಂತ್ರಕ್ಕೆ ಮೊದಲ ಅಂಕಗಳನ್ನು ಹಾಕಿ.

ಮೊದಲ ಅಧ್ಯಾಯದ ಕೊನೆಗೆ ರಾಜನ ಸೇನಾನಿ ವರ್ನನ್ ರೋಶ್ ಮತ್ತು ಎಲ್ಫ್ ಬಂಡುಕೋರ ಇಯೊರ್ವೆತ್ ನಡುವೆ ಒಬ್ಬರನ್ನು ಆರಿಸಬೇಕು. ಆ ಕ್ಷಣದಲ್ಲಿ ಸೇವ್ ಮಾಡಿ, ನಕಲನ್ನು ಬೇರೆ ಫೋಲ್ಡರ್‌ಗೆ ಹಾಕಿ. ಏಕೆಂದರೆ ಎರಡನೇ ಅಧ್ಯಾಯ ಪೂರ್ತಿ ಬೇರೆಯಾಗುತ್ತದೆ. ಒಂದೇ ಯುದ್ಧವನ್ನು ಒಂದು ದಾರಿಯಲ್ಲಿ ಕೋಟೆಯ ಒಳಗಿನಿಂದ, ಇನ್ನೊಂದರಲ್ಲಿ ಮುತ್ತಿಗೆ ಹಾಕಿದ ಪಾಳೆಯದಿಂದ ನೋಡುತ್ತೀರಿ. ಎರಡೂ ಆಡಿ, ನಿಮ್ಮದು ಅನಿಸಿದ ದಾರಿಯ ಕೊನೆಯ ಸೇವನ್ನು ಮುಂದಕ್ಕೆ ಒಯ್ಯಿರಿ. ಇದಕ್ಕೂ ಸಮಯವಿಲ್ಲ ಅನ್ನುವವರು ಮೂರನೇ ಭಾಗದ ಶುರುವಿನಲ್ಲಿ ‘ಎರಡನೇ ಭಾಗದ ಸೇವ್ ಅನುಕರಿಸು’ ಎಂಬ ಆಯ್ಕೆ ಒತ್ತಬಹುದು. ಆಮೇಲೆ ಅರಮನೆಯಲ್ಲಿ ಗೆರಾಲ್ಟ್‌ಗೆ ಕ್ಷೌರ ಆಗುತ್ತಿರುವಾಗ ಅಧಿಕಾರಿಯೊಬ್ಬ ಹಳೆಯದನ್ನೆಲ್ಲ ಕೇಳುತ್ತಾನೆ, ಉತ್ತರಿಸಿದರಾಯಿತು. ಫೋಲ್ಟೆಸ್ಟ್‌ನನ್ನು ಕೊಂದ ಲೆಥೊ ಬಗ್ಗೆ ಕೇಳಿದಾಗ ಎಚ್ಚರ. ಅವನು ಬದುಕಿದ್ದಾನೆ ಅಂದರೆ ಮಾತ್ರ ಮುಂದೆ ಅವನ ಜತೆಗಿನ ಒಂದು ಕ್ವೆಸ್ಟ್ ಸಿಗುತ್ತದೆ.

ಹೆಜ್ಜೆ 5: ಮೂರನೇ ಭಾಗದಲ್ಲಿ ಪ್ರಶ್ನೆಚಿಹ್ನೆಗಳ ಹಿಂದೆ ಓಡಬೇಡಿ

ನಕ್ಷೆಯ ತುಂಬ, ಇನ್ನೂ ನೋಡದ ಜಾಗಗಳನ್ನು ತೋರಿಸುವ ಪ್ರಶ್ನೆಚಿಹ್ನೆಗಳು. ಅವೆಲ್ಲ ಮುಗಿಸಲೇಬೇಕೆಂದು ಹಟ ಹಿಡಿದವರು ಕತೆ ಮರೆಯುತ್ತಾರೆ. ಅದರಲ್ಲೂ ಸ್ಕೆಲಿಗೆ ದ್ವೀಪಗಳ ಸಮುದ್ರದಲ್ಲಿ ತೇಲುವ ಕಳ್ಳಸಾಗಣೆ ಪೆಟ್ಟಿಗೆಗಳನ್ನು ಪೂರ್ತಿ ಬಿಡಿ, ದೋಣಿ ನಡೆಸುವುದರಲ್ಲೇ ವಾರ ಕಳೆಯುತ್ತದೆ. ಆ ಸಮಯವನ್ನು ಹಳ್ಳಿಗಳ ನೋಟಿಸ್ ಬೋರ್ಡ್‌ಗೆ ಕೊಡಿ.

ಮೊದಲ ಊರಲ್ಲೇ ‘ಬಾವಿಯ ಪಿಶಾಚಿ’ ಕೆಲಸ ತೆಗೆದುಕೊಳ್ಳಿ. ಒಬ್ಬ ತಂದೆಯ ಮಗಳಿಗೆ ಕಾಯಿಲೆ, ಶುದ್ಧ ನೀರು ಬೇಕು, ಪಾಳುಹಳ್ಳಿಯ ಬಾವಿಯ ಹತ್ತಿರ ನಡುಮಧ್ಯಾಹ್ನ ಹೆಣ್ಣುಪ್ರೇತ ಸುತ್ತುತ್ತಿದೆ. ಪೋಲಿಷ್ ಜನಪದದಲ್ಲಿ ಇವಳು ‘ಪೊವುದ್ನಿತ್ಸಾ’, ಮಧ್ಯಾಹ್ನದ ಹೆಣ್ಣು. ಮಟಮಟ ಮಧ್ಯಾಹ್ನ ಹೊಲದ ಕಡೆ, ಬಾವಿ ಕಡೆ ಒಬ್ಬರೇ ಹೋಗಬೇಡಿ ಎಂದು ಗದರಿಸುತ್ತಿದ್ದ ನಮ್ಮಜ್ಜಿ ಇದನ್ನು ನೋಡಿದ್ದರೆ ‘ನಾನು ಹೇಳಲಿಲ್ಲವೇ’ ಅನ್ನುತ್ತಿದ್ದರು. ಪಾಳುಮನೆಯಲ್ಲಿ ಹಳೆಯ ದಿನಚರಿ ಓದುತ್ತೀರಿ, ಬಾವಿಗೆ ಇಳಿದು ಬಳೆಯೊಂದನ್ನು ತರುತ್ತೀರಿ, ಅಸ್ಥಿಯ ಜತೆ ಅದನ್ನು ಸುಡುತ್ತೀರಿ. ಆಮೇಲೆ ‘ಯರ್ಡೆನ್’ ಮಂತ್ರದ ವೃತ್ತದೊಳಗೆ ಎಳೆದಾಗ ಕತ್ತಿ ಅವಳಿಗೆ ಸರಿಯಾಗಿ ತಾಗುತ್ತದೆ. ವಿಚಾರಣೆ, ಸಿದ್ಧತೆ, ಕಾಳಗ, ಈ ಅನುಕ್ರಮವೇ ವಿಚರ್‌ನ ಕಸುಬು. ಮುಂದೆ ಸಿರಿ ಮಾಡಬೇಕಾದದ್ದೂ ಇದನ್ನೇ.

ಇನ್ನು ಸಿರಿ. ಗೇಮ್ ಶುರುವಾಗುವುದೇ ಕೇರ್ ಮೊರ್ಹೆನ್ ಕೋಟೆಯಲ್ಲಿ ಪುಟ್ಟ ಸಿರಿಗೆ ಪಾಠ ಹೇಳುವ ಕನಸಿನಿಂದ. ಅವಳು ದೊಡ್ಡವಳಾಗಿ ಸಿಕ್ಕಮೇಲೆ ಐದಾರು ಕಡೆ ನಿಮ್ಮ ಮಾತು ಅವಳ ಭವಿಷ್ಯವನ್ನು ತೂಗುತ್ತದೆ. ಇದು ದೊಡ್ಡ ತೀರ್ಮಾನ ಎಂದು ಗೇಮ್ ಎಲ್ಲೂ ಗಂಟೆ ಬಾರಿಸುವುದಿಲ್ಲ. ಆಪ್ತರೊಬ್ಬರನ್ನು ಕಳೆದುಕೊಂಡು ಅವಳು ಕುಸಿದು ಕೂತಿದ್ದಾಳೆ. ಕುಡಿಯೋಣ ಬಾ, ಎಲ್ಲದರಲ್ಲೂ ಗೆಲ್ಲಬೇಕೆಂದಿಲ್ಲ ಅನ್ನಬಹುದು. ಮನಸ್ಸು ಹಗುರ ಮಾಡುತ್ತೇನೆ ಬಾ ಎಂದು ಹೊರಗೆ ಕರೆದು ಹಿಮದುಂಡೆ ಎಸೆಯಲೂಬಹುದು. ನಾನು ಮೊದಲ ಸಲ ಕುಡಿಯಲು ಕೂರಿಸಿದೆ, ಸಮಾಧಾನ ಮಾಡಿದೆ ಅಂದುಕೊಂಡೆ. ಗೇಮ್ ಅದನ್ನು ಬೇರೆ ರೀತಿ ಓದಿತು. ಮುಂದೆ ಮಾಟಗಾತಿಯರ ಸಭೆಗೆ ಅವಳನ್ನು ಒಬ್ಬಳೇ ಬಿಡಬೇಕೇ, ಜತೆಗೆ ಹೋಗಬೇಕೇ ಎಂಬ ಪ್ರಶ್ನೆ ಬಂದಾಗ ಇದು ನೆನಪಿರಲಿ: ಅವಳ ಪರವಾಗಿ ನೀವು ಮಾತಾಡಬೇಡಿ. ಉತ್ತರದ ಪಟ್ಟಿ ನೋಡಿಕೊಂಡು ಆಡಬೇಡಿ. ಅಂತ್ಯ ದುಃಖದ್ದಾದರೆ ಆಗಲಿ, ಅದು ನಿಮ್ಮ ಮಾತಿನಿಂದ ಬಂದದ್ದು.

ಮುಖ್ಯ ಕತೆ ಮುಗಿದ ಮೇಲೆ ಎರಡು ಹೆಚ್ಚುವರಿ ಕತೆಗಳು: ಮೊದಲು ‘ಹಾರ್ಟ್ಸ್ ಆಫ್ ಸ್ಟೋನ್’, ಕಟ್ಟಕಡೆಗೆ ‘ಬ್ಲಡ್ ಅಂಡ್ ವೈನ್’. ಈ ಕ್ರಮ ಬದಲಿಸಬೇಡಿ. ಎರಡನೆಯದು ಗೆರಾಲ್ಟ್‌ಗೆ ದ್ರಾಕ್ಷಿತೋಟದ ಮನೆ ಕೊಟ್ಟು ಬೀಳ್ಕೊಡುವ ಕತೆ. ಕೊನೆಯಲ್ಲಿ ಆ ಮನೆಯ ಅಂಗಳಕ್ಕೆ ಯಾರು ಬರುತ್ತಾರೆ ಎಂಬುದು ನೀವು ಹಿಂದೆ ನಡೆದುಕೊಂಡ ರೀತಿಯ ಮೇಲಿದೆ.

ಹೆಜ್ಜೆ 6: ಟ್ರೇಲರನ್ನು ಕೊನೆಗೆ ನೋಡಿ

ಮೂರನೇ ಭಾಗದಲ್ಲಿ ಸ್ವಲ್ಪ ಹೊತ್ತು ನೀವೇ ಸಿರಿಯಾಗಿ ಆಡುತ್ತೀರಿ. ಕಾಡಿನಲ್ಲಿ ಗ್ರೆಟ್ಕಾ ಎಂಬ ಪುಟ್ಟ ಹುಡುಗಿ ಸಿಗುತ್ತಾಳೆ, ತೋಳಮನುಷ್ಯನೊಬ್ಬ ಹತ್ತಿರದಲ್ಲೇ ಇದ್ದಾನೆ. ಹೆದರಿದ ಆ ಹುಡುಗಿಯ ಜತೆ ಸಿರಿ ಮಾತಾಡುವ ರೀತಿ ಗಮನಿಸಿ. ದನಿಯಲ್ಲಿ ಅವಸರವಿಲ್ಲ, ಸುಳ್ಳು ಧೈರ್ಯವೂ ಇಲ್ಲ.

ಈಗ ನಾಲ್ಕನೇ ಭಾಗದ ಆರು ನಿಮಿಷದ ಟ್ರೇಲರ್ ಹಾಕಿ. ಸ್ಟ್ರಾಮ್‌ಫರ್ಡ್ ಎಂಬ ಹಳ್ಳಿ, ಕಾಡಿನ ಬೌಕ್ ಎಂಬ ರಾಕ್ಷಸನಿಗೆ ಬಲಿ ಕೊಡಲು ಸಿಂಗರಿಸಿದ ಮಿಯೋನಿ ಎಂಬ ಹುಡುಗಿ. ಸಿರಿಯ ಕಣ್ಣು ಈಗ ಬೆಕ್ಕಿನ ಕಣ್ಣು, ಕೊರಳಲ್ಲಿ ಲಿಂಕ್ಸ್ ಎಂಬ ಕಾಡುಬೆಕ್ಕಿನ ಪದಕ. ರಾಕ್ಷಸನನ್ನು ಕೊಂದು ಹುಡುಗಿಯನ್ನು ಮನೆಗೆ ಕಳಿಸುತ್ತಾಳೆ. ಆಮೇಲೆ ಊರವರು ಏನು ಮಾಡಿದರು ಎಂಬುದನ್ನು ಅವಳು ಬಂದು ನೋಡುವ ಆ ಗಳಿಗೆಯಲ್ಲಿ ಟ್ರೇಲರ್ ನಿಲ್ಲಿಸಿ, ಅವಳ ಮುಖ ನೋಡಿ. ಆಲ್ವಿನ್‌ಗೆ ನೀವು ಕೊಟ್ಟ ಉತ್ತರ ಆಗ ನೆನಪಾಗದಿದ್ದರೆ, ಪೆನ್‌ಡ್ರೈವ್‌ನಲ್ಲಿ ಸೇವ್ ಫೈಲ್ ಇದ್ದೇ ಇದೆ.